ಪ್ರಯೋಗಾಲಯದ ವರದಿಯನ್ನು ಓದಿಕೊಡುವ ದುರ್ಗಿಗುಡಿಯ ಕಚೇರಿ: ಒಬ್ಬ ವಕೀಲೆಯ ಅನುಭವ

ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ವಿಧಿವಿಜ್ಞಾನ ಪ್ರಯೋಗಾಲಯದ ವರದಿಗಳನ್ನು ವಕೀಲರಿಗೆ ಓದಿಕೊಡುವ ಸಣ್ಣ ಕಚೇರಿ ಇದೆ. ನಡೆಸುವವರು ನಿವೃತ್ತ ರಸಾಯನ ಪರೀಕ್ಷಕರು. ಜೊತೆಗೆ ಟೈಪ್ ಮಾಡುವ ಒಬ್ಬ ಹುಡುಗಿ, ಎರಡು ಕಬ್ಬಿಣದ ಬೀರು, ಕಿಟಕಿಯ ಪಕ್ಕದಲ್ಲಿ ಒಂದು ಉದ್ದನೆಯ ಮೇಜು. ಬೋರ್ಡು ಇಲ್ಲ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದರಿಂದ ಹಾಕುತ್ತಿಲ್ಲ. ಶಿವಮೊಗ್ಗದ ಕೋರ್ಟಿನಲ್ಲಿ ಕ್ರಿಮಿನಲ್ ಕಡೆಯ ಯಾವ ವಕೀಲರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ನಾನು ತೀರ್ಥಹಳ್ಳಿಯಲ್ಲಿ ವಕೀಲಿ ಮಾಡುವವಳು. ಇವರ ಬಳಿ ಕೆಲವು ಕಡತಗಳನ್ನು ಒಯ್ದಿದ್ದೇನೆ. ಮಲೆನಾಡಿನ ತಾಲ್ಲೂಕುಗಳಲ್ಲಿ ಆರೋಪಿಗಳ ಪರ ನಿಲ್ಲುವ ಬೇರೆಯವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕಕ್ಷಿದಾರರ ಗುರುತು ಸಿಗದಂತೆ ಊರು ಹೆಸರುಗಳನ್ನು ಬಿಟ್ಟಿದ್ದೇನೆ.

ಇಂಥ ಸೇವೆ ಯಾಕೆ ಬೇಕು ಎಂದು ನಮ್ಮವರೇ ಕೇಳುತ್ತಾರೆ. ಎಫ್‌ಎಸ್‌ಎಲ್ ವರದಿ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ, ಸಾಮಾನ್ಯವಾಗಿ ಒಂದು ಹಾಳೆ. ಬಂದ ಲಕೋಟೆಗಳ ಸಂಖ್ಯೆ, ಮೊಹರು ಸರಿಯಾಗಿತ್ತೆಂಬ ಒಂದು ಸಾಲು, ಪರೀಕ್ಷೆಗಳ ಹೆಸರು, ಕೊನೆಗೆ ಅಭಿಪ್ರಾಯ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 293ನೇ ಕಲಂ ಪ್ರಕಾರ ಸರ್ಕಾರಿ ವೈಜ್ಞಾನಿಕ ತಜ್ಞರ ವರದಿಯನ್ನು ಅವರನ್ನು ಸಾಕ್ಷಿಕಟ್ಟೆಗೆ ಕರೆಸದೆಯೇ ಸಾಕ್ಷ್ಯವಾಗಿ ಬಳಸಬಹುದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 329ನೇ ಕಲಂನಲ್ಲೂ ಅದೇ ವ್ಯವಸ್ಥೆ ಮುಂದುವರಿದಿದೆ. ನ್ಯಾಯಾಲಯಕ್ಕೆ ಅಗತ್ಯವೆನಿಸಿದರೆ ತಜ್ಞರನ್ನು ಕರೆಸಬಹುದು. ಆದರೆ ನಾವು ಕಾರಣ ಕೊಡದೆ ಅಗತ್ಯವೆನಿಸುವುದು ಹೇಗೆ? ತನಿಖಾಧಿಕಾರಿಯ ಮೂಲಕವೇ ವರದಿಗೆ ಅಭಿಯೋಜನೆಯ ದಾಖಲೆಯೆಂದು ಗುರುತಿಸುವ ನಿ.ಪಿ. ಸಂಖ್ಯೆ ಬೀಳುತ್ತದೆ. ಪಾಟಿ ಸವಾಲಿನಲ್ಲಿ ಏನು ಕೇಳಬೇಕೆಂದು ತಿಳಿಯದ ವಕೀಲರು ‘ವರದಿ ಸುಳ್ಳು ಎಂದರೆ ಸರಿಯೇ’ ಎಂದು ಒಂದು ಪ್ರಶ್ನೆ ಹಾಕಿ, ‘ಸರಿಯಲ್ಲ’ ಎಂಬ ಉತ್ತರ ಬರೆಸಿಕೊಂಡು ಕುಳಿತುಕೊಳ್ಳುತ್ತಾರೆ. ಒಬ್ಬ ಮನುಷ್ಯನ ಹತ್ತು ವರ್ಷ ಆ ಹಾಳೆಯ ಮೇಲೆ ನಿಂತಿರುತ್ತದೆ.

ಆ ಹಾಳೆಯ ಹಿಂದೆ ಪರೀಕ್ಷೆಯೇ ನಡೆದಿರದಿದ್ದರೆ? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹಾಗೆಯೇ ಆಯಿತು. ಬಾಸ್ಟನ್ನಿನ ಹಿಂಟನ್ ಪ್ರಯೋಗಾಲಯದ ಆ್ಯನಿ ಡುಖಾನ್ ಎಂಬ ರಸಾಯನ ಪರೀಕ್ಷಕಿ ಒಂದೇ ಬಗೆಯವೆಂದು ತೋರುವ ಮಾದಕವಸ್ತುಗಳ ಮಾದರಿಗಳನ್ನು ಗುಂಪು ಮಾಡಿಕೊಂಡು, ಕೆಲವನ್ನು ಮಾತ್ರ ಪರೀಕ್ಷಿಸಿ, ಉಳಿದವಕ್ಕೆ ಕಣ್ಣಳತೆಯಲ್ಲೇ ಫಲಿತಾಂಶ ಬರೆಯುತ್ತಿದ್ದಳು. ಎರಡನೆಯ ಪರೀಕ್ಷೆ ತನ್ನ ಬರಹಕ್ಕೆ ಹೊಂದದಿದ್ದಾಗ ಮಾದರಿಗೇ ಬೇರೆ ಮಾದಕವಸ್ತು ಬೆರೆಸಿದ್ದನ್ನೂ ಒಪ್ಪಿಕೊಂಡಳು. ನಮ್ಮ ಮಂಡಿಗಳಲ್ಲಿ ಅಡಿಕೆಯನ್ನು ರಾಶಿ, ಬೆಟ್ಟೆ, ಸರಕು ಎಂದು ಕಣ್ಣಳತೆಯಲ್ಲೇ ವಿಂಗಡಿಸುತ್ತಾರೆ ನಿಜ. ಆದರೆ ಅದು ನಡೆಯುವುದು ಬೆಳೆಗಾರನ ಕಣ್ಣೆದುರು, ಒಪ್ಪಿಗೆಯಾಗದಿದ್ದರೆ ಅವನು ಚೀಲ ಕಟ್ಟಿಕೊಂಡು ಪಕ್ಕದ ಮಂಡಿಗೆ ಹೋಗಬಹುದು. ಡುಖಾನ್ ಮುಚ್ಚಿದ ಕೋಣೆಯಲ್ಲಿ ಕಣ್ಣಳತೆ ಮಾಡಿ, ಕೆಳಗೆ ‘ಪರೀಕ್ಷಿಸಿದೆ’ ಎಂದು ಸಹಿ ಹಾಕಿದಳು. ಜೊತೆಯವರಿಗಿಂತ ಎಷ್ಟೋ ಪಟ್ಟು ಹೆಚ್ಚು ಮಾದರಿಗಳನ್ನು ಮುಗಿಸುತ್ತಿದ್ದುದು ವರ್ಷಗಟ್ಟಲೆ ಮೇಲಿನವರಿಗೆ ಹೆಮ್ಮೆಯ ವಿಷಯವಾಗಿತ್ತು. 2012ರಲ್ಲಿ ಬಂಧನವಾಯಿತು. 2013ರ ನವೆಂಬರ್‌ನಲ್ಲಿ ತಪ್ಪೊಪ್ಪಿಕೊಂಡಳು, ಮೂರರಿಂದ ಐದು ವರ್ಷಗಳ ಶಿಕ್ಷೆಯಾಯಿತು. 2017ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ 21,587 ಪ್ರಕರಣಗಳನ್ನು ವಜಾ ಮಾಡಿತು. ಅಷ್ಟು ಹೊತ್ತಿಗೆ ಅವರಲ್ಲಿ ಬಹಳಷ್ಟು ಜನ ಜೈಲು ಶಿಕ್ಷೆ ಮುಗಿಸಿ ಹೊರಬಂದಾಗಿತ್ತು. ವಜಾ ಆದೇಶ ಕಳೆದುಹೋದ ವರ್ಷಗಳನ್ನು ಹಿಂದಕ್ಕೆ ಕೊಡಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ಆಕೆ ಸರ್ಕಾರಿ ಅಭಿಯೋಜಕರೊಂದಿಗೆ ಸಲುಗೆಯ ಇ-ಮೇಲ್‌ಗಳನ್ನು ಹಂಚಿಕೊಳ್ಳುತ್ತಿದ್ದಳು. ಅವು ಬಹಿರಂಗವಾದ ಮೇಲೆ ಒಬ್ಬ ಅಭಿಯೋಜಕ ರಾಜೀನಾಮೆ ಕೊಡಬೇಕಾಯಿತು. ಅವಳು ಲಂಚಕ್ಕೆ ಕೆಲಸ ಮಾಡಿದವಳಲ್ಲ. ಚುರುಕಿನವಳು, ನಮ್ಮವಳು ಎನ್ನಿಸಿಕೊಳ್ಳಬೇಕಿತ್ತು. ಯಾರಿಗೆ ಯಾವ ಉತ್ತರ ಬೇಕೆಂದು ಗೊತ್ತಿರುವ ತಜ್ಞರ ಕೈಯಲ್ಲಿ ವಿಜ್ಞಾನ ಹಾಳಾಗುತ್ತದೆ. ಹಾಗಾದರೆ ಆರೋಪಿಯ ದುಡ್ಡು ಪಡೆದು ಆರೋಪಿಗೆ ಬೇಕಾದ ಅಭಿಪ್ರಾಯ ಬರೆದುಕೊಡುವ ಖಾಸಗಿ ತಜ್ಞನೂ ಅದೇ ಕೆಲಸವನ್ನು ಎದುರು ಬದಿಯಿಂದ ಮಾಡುತ್ತಾನೆ. ಅಂಥವರು ಇದ್ದಾರೆ, ದರಪಟ್ಟಿ ಸಮೇತ ಇದ್ದಾರೆ. ಆದ್ದರಿಂದ ದುರ್ಗಿಗುಡಿಯ ಈ ಕಚೇರಿಯನ್ನು ನಾನು ಅಳೆದದ್ದು ಒಂದೇ ಪ್ರಶ್ನೆಯಿಂದ: ದುಡ್ಡು ಕೊಟ್ಟವರಿಗೆ ಇವರು ‘ಇಲ್ಲ’ ಎನ್ನುತ್ತಾರೆಯೇ?

ಮೊದಲು ಒಯ್ದದ್ದು ಗಾಂಜಾ ಪ್ರಕರಣ. ಶುಂಠಿ ಹೊಲದ ಅಂಚಿನಲ್ಲಿ ಬೆಳೆದಿದ್ದ ಗಿಡಗಳನ್ನು ಮುಂಗಾರಿನ ಮಳೆಯಲ್ಲಿ ಬೇರು ಸಮೇತ ಕಿತ್ತು ತೂಗಿದ್ದರು. ಮಹಜರಿನಲ್ಲಿ 22 ಕೆ.ಜಿ. ಚಿಲ್ಲರೆ. ಗಾಂಜಾ 20 ಕೆ.ಜಿ. ದಾಟಿದರೆ ಮಾದಕವಸ್ತುಗಳ ವಿರುದ್ಧದ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಅದು ವಾಣಿಜ್ಯ ಪ್ರಮಾಣ: ಕನಿಷ್ಠ ಹತ್ತು ವರ್ಷ ಶಿಕ್ಷೆ. 37ನೇ ಕಲಂ ಅಡ್ಡ ಬರುವುದರಿಂದ ಜಾಮೀನು ಸಿಗುವುದೇ ದುಸ್ತರ. ಹುಡುಗ ಹೊಲವನ್ನು ಗೇಣಿಗೆ ಮಾಡುತ್ತಿದ್ದವನು. ಅವನ ತಾಯಿ ಕೈಬಳೆ ಒತ್ತೆಯಿಟ್ಟು ತಂದ ದುಡ್ಡಿನಲ್ಲಿ ಇವರ ಶುಲ್ಕ ಕಟ್ಟಿದ್ದು.

ಅವರು ಓದುವ ರೀತಿಯನ್ನು ಹೇಳಲೇಬೇಕು. ಮೊದಲು ಅಭಿಪ್ರಾಯದ ಸಾಲನ್ನು ಒಂದು ಬಿಳಿ ಚೀಟಿಯಿಂದ ಮುಚ್ಚಿದರು. ‘ಅದನ್ನು ನೋಡಿದರೆ ಕಣ್ಣು ಅದನ್ನೇ ಹುಡುಕುತ್ತದೆ, ವಕೀಲರೇ’ ಎಂದರು. ಆಮೇಲೆ ಮಹಜರು, 52ಎ ಕಲಂ ಅಡಿ ಮ್ಯಾಜಿಸ್ಟ್ರೇಟರ ಎದುರು ಮಾದರಿ ತೆಗೆದ ದಾಖಲೆ, ಠಾಣೆಯಿಂದ ಪ್ರಯೋಗಾಲಯಕ್ಕೆ ಹೋದ ಪತ್ರ, ವರದಿ ಇಷ್ಟನ್ನೂ ಮೇಜಿನ ಮೇಲೆ ತಾರೀಖಿನ ಕ್ರಮದಲ್ಲಿ ಸಾಲಾಗಿ ಹರಡಿದರು. ಭೂತಗನ್ನಡಿ ಹಿಡಿದು ಅರಗಿನ ಮೊಹರಿನ ಅಚ್ಚುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. ಅಕ್ಷರಗಳು ಹೊಂದಿದವು. ನಂತರ ಪೆನ್ಸಿಲ್‌ನಿಂದ ಎರಡು ಅಂಕಿಗಳ ಸುತ್ತ ಗೆರೆ ಎಳೆದರು. ಎನ್‌ಡಿಪಿಎಸ್ ಕಾಯ್ದೆಯ 2022ರ ನಿಯಮಗಳ ಪ್ರಕಾರ ಗಾಂಜಾ ಮಾದರಿ 24 ಗ್ರಾಂ. ಕಳುಹಿಸಿದ್ದೂ 24 ಗ್ರಾಂ. ಪ್ರಯೋಗಾಲಯ ಬರೆದುಕೊಂಡಿದ್ದು 29 ಗ್ರಾಂ. ಹಸಿ ಸೊಪ್ಪು ದಿನ ಕಳೆದಂತೆ ಹಗುರಾಗಬೇಕು, ಇಲ್ಲಿ ಭಾರವಾಗಿತ್ತು.

ಮಾದರಿಯನ್ನೇ ಬದಲಾಯಿಸಿದ್ದಾರೆ ಎಂದು ನಾನು ಹಿಗ್ಗಿದೆ. ಅವರು ತಲೆ ಆಡಿಸಿದರು. ‘ಹಾಗೆಂದು ನಾನು ಬರೆಯುವುದಿಲ್ಲ. ಲಕೋಟೆಯ ಸಮೇತ ತೂಗಿರಬಹುದು, ತಕ್ಕಡಿಯ ವ್ಯತ್ಯಾಸವಿರಬಹುದು. ಪರೀಕ್ಷೆ ಮಾಡುವಾಗ ಬರೆದುಕೊಂಡ ವರ್ಕ್‌ಶೀಟ್ ತರಿಸಿ ನೋಡೋಣ.’ ಅರ್ಜಿ ಹೇಗೆ ಹಾಕಬೇಕು, ಅದರಲ್ಲಿ ಯಾವ್ಯಾವ ಕಾಗದ ಕೇಳಬೇಕು ಎಂದು ಅವರೇ ಪಟ್ಟಿ ಬರೆಸಿದರು: ಮಾದರಿ ಸ್ವೀಕರಿಸಿದ ರಿಜಿಸ್ಟರಿನ ಪುಟ, ತೂಕದ ಟಿಪ್ಪಣಿ, ಸೂಕ್ಷ್ಮದರ್ಶಕದಲ್ಲಿ ಕಂಡದ್ದರ ಬರಹ, ಬಣ್ಣದ ಪರೀಕ್ಷೆಯ ಜೊತೆಗೆ ಖಾಲಿ ಮಾದರಿಯನ್ನು ನಡೆಸಿದರೇ ಎಂಬುದರ ದಾಖಲೆ, ಎರಡನೆಯ ಪರೀಕ್ಷಕರ ಸಹಿ. ಖಾಲಿ ಮಾದರಿ ಯಾಕೆಂದು ಕೇಳಿದೆ. ರಾಸಾಯನಿಕಗಳನ್ನಷ್ಟೇ ಹಾಕಿದ ನಳಿಕೆಯಲ್ಲಿ ಬಣ್ಣ ಬರಬಾರದು. ಅಲ್ಲೂ ನೇರಳೆ ಬಂದರೆ ಸೊಪ್ಪಿನ ನಳಿಕೆಯ ನೇರಳೆಗೆ ಬೆಲೆಯಿಲ್ಲ. ಇಷ್ಟನ್ನು ಅವರು ಮೇಜಿನ ಮೇಲಿದ್ದ ಎರಡು ಖಾಲಿ ನಳಿಕೆಗಳನ್ನು ಹಿಡಿದು ನನಗೆ ಅರ್ಥವಾಗುವ ತನಕ ಹೇಳಿದರು.

ನ್ಯಾಯಾಲಯ ಅರ್ಜಿ ಒಪ್ಪಿತು, ಕಾಗದಗಳು ಬಂದವು. ತೂಕದ ಸಂಗತಿ ಅವರು ಊಹಿಸಿದಂತೆಯೇ ಇತ್ತು: ಪ್ರಯೋಗಾಲಯ ಲಕೋಟೆಯ ಸಮೇತ ತೂಗಿತ್ತು. ಬದಲಾಯಿಸಿದ್ದಾರೆ ಎಂದು ನಾವು ಕೂಗಿದ್ದರೆ ಅಲ್ಲೇ ಮುಗಿಯುತ್ತಿತ್ತು. ಆದರೆ ಸೂಕ್ಷ್ಮದರ್ಶಕದ ಟಿಪ್ಪಣಿಯಲ್ಲಿ ಇದ್ದದ್ದು ‘ಎಲೆ, ಕಾಂಡದ ತುಂಡು, ಬೀಜ’ ಮಾತ್ರ. ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ತುದಿಯಿಲ್ಲದ ಬರೀ ಎಲೆ, ಬರೀ ಬೀಜ ಅದರಲ್ಲಿ ಸೇರುವುದಿಲ್ಲ. ಒಂದು ಹಾಳೆಯ ವರದಿಯಲ್ಲಿ ಈ ವಿವರ ಇರಲೇ ಇಲ್ಲ, ಕೆಳಗೆ ‘ಗಾಂಜಾ’ ಎಂದಷ್ಟೇ ಇತ್ತು. ಅದರ ಮೇಲೆ, ಬೇರು, ಕಾಂಡ, ಮಳೆನೀರು, ಮಣ್ಣು ಸೇರಿಸಿ ತೂಗಿದ 22 ಕೆ.ಜಿ.ಯಲ್ಲಿ ತುದಿಗಳು ಎಷ್ಟು ಎಂಬ ಪ್ರಶ್ನೆಗೂ ಯಾರ ಬಳಿಯೂ ಉತ್ತರವಿರಲಿಲ್ಲ. ಈ ವಾದವನ್ನು ಎಲ್ಲ ನ್ಯಾಯಾಲಯಗಳೂ ಒಂದೇ ರೀತಿ ನೋಡುವುದಿಲ್ಲ, ಅತಿಯಾದ ಭರವಸೆ ಬೇಡ ಎಂದು ಅವರು ಆ ತಾಯಿಗೆ ನೇರವಾಗಿ ಹೇಳಿದರು. ಹುಡುಗನಿಗೆ ಜಾಮೀನು ಸಿಕ್ಕಿದೆ. ವಿಚಾರಣೆ ನಡೆಯುತ್ತಿದೆ. ಗಿಡ ಬೆಳೆಸಿದ ಆರೋಪ ಹಾಗೆಯೇ ಇದೆ, ಅದಕ್ಕೂ ಹತ್ತು ವರ್ಷಗಳ ತನಕ ಶಿಕ್ಷೆಯಾಗಬಹುದು.

ನನ್ನ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿದ್ದು ಇನ್ನೊಂದು ಕಡತದಲ್ಲಿ. ಹೆಂಡತಿಗೆ ಕೀಟನಾಶಕ ಕುಡಿಸಿದ ಆರೋಪದ ಪ್ರಕರಣ. ಗಂಡನ ಮನೆಯವರು ಅನುಕೂಲಸ್ಥರು, ದೊಡ್ಡ ತೋಟದವರು. ಒಳಾಂಗಗಳ ಮಾದರಿ ಅದಲುಬದಲಾಗಿದೆ ಎಂದು ಬರೆಸಿಕೊಡಿ, ಎಷ್ಟಾದರೂ ಆಗಲಿ ಎಂದರು. ಇವರು ಕಡತವನ್ನು ಇಟ್ಟುಕೊಂಡು ಓದಿದರು. ಶವಪರೀಕ್ಷೆಯ ವೈದ್ಯರು ಒಳಾಂಗಗಳನ್ನು ಗಟ್ಟಿ ಉಪ್ಪಿನ ದ್ರಾವಣದಲ್ಲಿಟ್ಟು, ಅದೇ ದ್ರಾವಣದ ಮಾದರಿಯೊಂದನ್ನು ಬೇರೆ ಸೀಸೆಯಲ್ಲಿ ಹಾಕಿ ಕಳುಹಿಸಿದ್ದರು. ವಿಷ ದ್ರಾವಣದಿಂದಲೇ ಬಂತು ಎನ್ನಲು ದಾರಿಯಿಲ್ಲದಂತೆ ಮಾಡುವ ಕ್ರಮ ಅದು. ಸೀಸೆಗಳ ಸಂಖ್ಯೆ, ಮೊಹರು, ಒಯ್ದ ಪೇದೆಯ ಹೆಸರು, ತಾರೀಖು ಎಲ್ಲವೂ ಒಂದಕ್ಕೊಂದು ಕೂಡಿ ಬಂದಿದ್ದವು. ಎರಡು ಬೇರೆ ವಿಧಾನಗಳ ಪರೀಕ್ಷೆ ಒಂದೇ ಉತ್ತರ ಕೊಟ್ಟಿತ್ತು. ‘ಈ ವರದಿಯಲ್ಲಿ ದೋಷವಿಲ್ಲ. ಕುಡಿಸಿದರೋ ಅವರೇ ಕುಡಿದರೋ ಎಂಬುದು ಪ್ರಯೋಗಾಲಯ ಹೇಳುವ ವಿಷಯವಲ್ಲ, ಅದನ್ನು ನೀವು ಬೇರೆ ಸಾಕ್ಷ್ಯದಲ್ಲಿ ನೋಡಿಕೊಳ್ಳಿ’ ಎಂದು ಕಡತ ಹಿಂದಿರುಗಿಸಿದರು. ಓದಿದ ಶುಲ್ಕ ಮಾತ್ರ ಪಡೆದರು. ಕಕ್ಷಿದಾರರು ಮುನಿಸಿಕೊಂಡು ನನ್ನ ವಕಾಲತ್ತನ್ನೂ ಹಿಂದಕ್ಕೆ ಪಡೆದರು. ನನಗೆ ಈ ಕಚೇರಿಯ ಮೇಲೆ ನಂಬಿಕೆ ಹುಟ್ಟಿದ್ದು ಆ ದಿನ.

ಲಿಖಿತ ಅಭಿಪ್ರಾಯದ ಭಾಷೆಯಲ್ಲೂ ಅದೇ ಬಿಗಿ. ‘ಖಂಡಿತ’, ‘ನಿಸ್ಸಂದೇಹ’ ಎಂಬ ಪದಗಳು ಬರುವುದಿಲ್ಲ. ಇದು ಸಣ್ಣ ಮಾತಲ್ಲ. ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ಸಾಕ್ಷ್ಯ ನುಡಿದ ತನ್ನದೇ ತಜ್ಞರ ಹೇಳಿಕೆಗಳನ್ನು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಮರುಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಕೂದಲಿನ ಸಾಕ್ಷ್ಯ ಆರೋಪಿಯ ವಿರುದ್ಧ ಬಳಕೆಯಾದ 268 ವಿಚಾರಣೆಗಳ ಪೈಕಿ 257ರಲ್ಲಿ ತಜ್ಞರು ವಿಜ್ಞಾನ ಹೇಳಲಾರದ್ದನ್ನು ಹೇಳಿದ್ದರು. 28 ತಜ್ಞರಲ್ಲಿ 26 ಮಂದಿ ಹೀಗೆ ಮಿತಿ ಮೀರಿದ್ದರು. ಆ ಪ್ರಕರಣಗಳಲ್ಲಿ ಮರಣದಂಡನೆಯಾದವರೂ ಇದ್ದರು, ಆ ಶಿಕ್ಷೆ ಜಾರಿಯಾಗಿ ಸತ್ತವರೂ ಇದ್ದರು. ಆ ತಜ್ಞರ ಮೇಲೆ ಇಲ್ಲಿ ಬಂದ ದೂರು ಡುಖಾನ್‌ಳಂತೆ ಪರೀಕ್ಷೆ ಬಿಟ್ಟು ಸಹಿ ಹಾಕಿದರೆಂಬುದಲ್ಲ. ‘ಹೋಲುತ್ತದೆ’ ಎನ್ನಬೇಕಾದಲ್ಲಿ ‘ಅವನದೇ’ ಎಂಬ ಅರ್ಥ ಬರುವಂತೆ ಮಾತಾಡಿದರು, ಅಷ್ಟು ಸಾಕಾಯಿತು.

ಕಾಗದಗಳನ್ನು ಕೇಳಿ ಪಡೆಯುವ ಇವರ ಹಟದ ಬೆಲೆ ತಿಳಿಯಬೇಕಾದರೆ ಮ್ಯಾಸಚೂಸೆಟ್ಸ್‌ನ ಇನ್ನೊಂದು ಹಗರಣ ನೋಡಬೇಕು. ಆ್ಯಮ್‌ಹರ್ಸ್ಟ್ ಪ್ರಯೋಗಾಲಯದ ಸೋನ್ಯಾ ಫರಾಕ್ ಎಂಬಾಕೆ ಪರೀಕ್ಷೆಗೆ ಬಂದ ಮಾದಕವಸ್ತುಗಳನ್ನು, ಹೋಲಿಕೆಗೆಂದು ಇಟ್ಟಿದ್ದ ಶುದ್ಧ ಮಾದರಿಗಳನ್ನು ತಾನೇ ಸೇವಿಸುತ್ತಿದ್ದಳು. 2013ರ ಜನವರಿಯಲ್ಲಿ ಬಂಧನವಾಯಿತು. ಚಟ ಕೆಲವೇ ತಿಂಗಳದ್ದು ಎಂಬಂತೆ ಸರ್ಕಾರದ ಕಡೆಯವರು ನ್ಯಾಯಾಲಯವನ್ನು ನಂಬಿಸಿದ್ದರು. ಆಕೆಯ ಕಾರಿನಲ್ಲಿ ಸಿಕ್ಕಿದ್ದ ಚಿಕಿತ್ಸೆಯ ಟಿಪ್ಪಣಿಗಳು ಬೇರೆ ಕತೆ ಹೇಳುತ್ತಿದ್ದವು. ಅವನ್ನು ನೋಡಬೇಕೆಂದು ಪಟ್ಟು ಹಿಡಿದವರು ಲ್ಯೂಕ್ ರಯಾನ್ ಎಂಬ ವಕೀಲರು. ಮೊದಲು ನಿರಾಕರಣೆ, 2014ರ ಕೊನೆಯ ಭಾಗದಲ್ಲಿ ಆ ಟಿಪ್ಪಣಿಗಳಿದ್ದ ಪೆಟ್ಟಿಗೆ ತೆರೆಯಲು ಅವಕಾಶ. ಇಬ್ಬರು ಸರ್ಕಾರಿ ವಕೀಲರು ನ್ಯಾಯಾಲಯಕ್ಕೇ ವಂಚಿಸಿದ್ದಾರೆ ಎಂದು 2017ರಲ್ಲಿ ನ್ಯಾಯಾಧೀಶರು ತೀರ್ಮಾನ ಕೊಟ್ಟರು. ಅಲ್ಲೂ ಸಾವಿರಾರು ಶಿಕ್ಷೆಗಳು ರದ್ದಾದವು. ಪೆಟ್ಟಿಗೆ ಮುಚ್ಚಿಯೇ ಇದ್ದಿದ್ದರೆ ಆ ಸಾವಿರಾರು ಜನ ಅಪರಾಧಿಗಳಾಗಿಯೇ ಉಳಿಯುತ್ತಿದ್ದರು.

ನಮ್ಮ ದೇಶದಲ್ಲಿ ಪ್ರಯೋಗಾಲಯ ತಲುಪುವ ಮೊದಲೇ ತೊಂದರೆ ಶುರುವಾಗುತ್ತದೆ. ದೆಹಲಿಯ ಛಾವ್ಲಾ ಪ್ರಕರಣದಲ್ಲಿ ಹತ್ತೊಂಬತ್ತರ ಹೆಣ್ಣುಮಗಳೊಬ್ಬಳನ್ನು ಅಪಹರಿಸಿ, ಅತ್ಯಾಚಾರ ಮಾಡಿ ಕೊಂದಿದ್ದರು. ಗಲ್ಲು ಶಿಕ್ಷೆಯಾಗಿದ್ದ ಮೂವರನ್ನು ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಖುಲಾಸೆ ಮಾಡಿತು. 2012ರ ಫೆಬ್ರವರಿ 14 ಮತ್ತು 16ರಂದು ಸಂಗ್ರಹಿಸಿದ ಮಾದರಿಗಳು ಪ್ರಯೋಗಾಲಯಕ್ಕೆ ಹೋದದ್ದು 27ರಂದು. ಅಷ್ಟು ದಿನ ಠಾಣೆಯಲ್ಲಿ ಜಪ್ತಿ ವಸ್ತುಗಳನ್ನಿಡುವ ಮುದ್ದೆಮಾಲು ಕೋಣೆಯಲ್ಲಿದ್ದವು. ಡಿಎನ್‌ಎ ವರದಿಯ ತೀರ್ಮಾನಕ್ಕೆ ಆಧಾರವೇನೆಂದು ಕೆಳಗಿನ ನ್ಯಾಯಾಲಯಗಳು ಪರಿಶೀಲಿಸಲೇ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ಮಗಳ ತಂದೆತಾಯಿಗೆ ನ್ಯಾಯ ಸಿಗಲಿಲ್ಲ, ಮೂವರು ವರ್ಷಗಟ್ಟಲೆ ಗಲ್ಲಿನ ನೆರಳಿನಲ್ಲಿ ಕಳೆದರು. ಸಡಿಲ ಕೆಲಸದಿಂದ ಎರಡೂ ಕಡೆಯವರು ಬೇಯುತ್ತಾರೆ. ಮಲೆನಾಡಿನ ಆಷಾಢದಲ್ಲಿ ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ರಕ್ತ ಹತ್ತಿದ ಬಟ್ಟೆಯನ್ನು ನೆರಳಲ್ಲಿ ಒಣಗಿಸದೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಏನಾಗುತ್ತದೆ ಎಂದು ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಇವರು ಪ್ರತಿ ಕಡತದಲ್ಲೂ ಮೊದಲು ಕೇಳುವುದು, ವಸ್ತು ಎಷ್ಟು ದಿನ, ಯಾವುದರಲ್ಲಿ, ಯಾರ ವಶದಲ್ಲಿತ್ತು ಎಂದು.

ಕೊರತೆಗಳೂ ಇವೆ. ಅಭಿಪ್ರಾಯವನ್ನು ಇಂಗ್ಲಿಷಿನಲ್ಲಿ ಮಾತ್ರ ಕೊಡುತ್ತಾರೆ. ದಾಖಲೆ, ಸಾಕ್ಷ್ಯ ಎಲ್ಲ ಕನ್ನಡದಲ್ಲಿರುವ ತಾಲ್ಲೂಕು ನ್ಯಾಯಾಲಯಗಳಿಗೆ ಅದನ್ನು ನಾನೇ ಕನ್ನಡಕ್ಕೆ ತರಬೇಕಾಗುತ್ತದೆ. ಕಕ್ಷಿದಾರನಿಗಂತೂ ತನ್ನ ಬಗ್ಗೆ ಏನು ಬರೆದಿದೆ ಎಂದು ಓದಲಾಗುವುದಿಲ್ಲ. ಕನ್ನಡದಲ್ಲಿ ಇಷ್ಟು ಚೆನ್ನಾಗಿ ವಿವರಿಸುವವರು ಕನ್ನಡದಲ್ಲಿ ಬರೆಯಲು ಹಿಂಜರಿಯುವುದು ನನಗೆ ಒಪ್ಪಿಗೆಯಿಲ್ಲ, ಅವರಿಗೂ ಹೇಳಿದ್ದೇನೆ. ಸಾಗರ, ಸೊರಬ, ಹೊಸನಗರಗಳಿಗೆ ಸಾಕ್ಷ್ಯ ನುಡಿಯಲು ಬರುವುದಿಲ್ಲ, ಮಂಡಿನೋವು. ಡಿಎನ್‌ಎ, ಕೈಬರಹ, ಮೊಬೈಲ್ ದಾಖಲೆ ಮುಟ್ಟುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾರೆ, ಅದು ಸರಿ. ಹೇಳಿದ ದಿನಕ್ಕೆ ಲಿಖಿತ ಅಭಿಪ್ರಾಯ ಸಿಗುವುದು ಅಪರೂಪ, ಆದ್ದರಿಂದ ವಾಯಿದೆ ಹತ್ತಿರ ಇಟ್ಟುಕೊಂಡು ಹೋಗಬೇಡಿ.

ಕಡತ ಓದಲು ₹5,000, ಲಿಖಿತ ಅಭಿಪ್ರಾಯಕ್ಕೆ ₹18,000. ನಗರದ ದರಕ್ಕೆ ಇದು ಕಡಿಮೆ, ಗೇಣಿ ಮಾಡುವವನ ತಾಯಿಗೆ ಬಹಳ ಹೆಚ್ಚು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕೆಂದು ಹೊಸ ಸಂಹಿತೆಯ 176(3) ಹೇಳುತ್ತದೆ, ಜಾರಿಗೆ ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶವಿದೆ. ಅಂದರೆ ಮುಂದೆ ಬರುವ ಬಹುಪಾಲು ದೊಡ್ಡ ಕಡತಗಳಲ್ಲಿ ಇಂಥ ವರದಿ ಇರುತ್ತದೆ. ಅಭಿಯೋಜನೆಗೆ ಸರ್ಕಾರಿ ಪ್ರಯೋಗಾಲಯವಿರುವಾಗ, ಉಚಿತ ಕಾನೂನು ನೆರವು ಪಡೆಯುವ ಆರೋಪಿಗೆ ವಕೀಲರ ಜೊತೆ ವರದಿ ಓದಬಲ್ಲ ಒಬ್ಬರನ್ನೂ ಸರ್ಕಾರದ ಖರ್ಚಿನಲ್ಲಿ ಕೊಡಬೇಕು. ಬಡವರ ಕಡತವನ್ನು ಇವರು ಕೆಲವೊಮ್ಮೆ ದುಡ್ಡಿಲ್ಲದೆಯೂ ಓದುತ್ತಾರೆ, ಆದರೆ ಒಬ್ಬ ವಯಸ್ಸಾದವರ ದೊಡ್ಡ ಮನಸ್ಸನ್ನು ನೆಚ್ಚಿಕೊಂಡು ಇಡೀ ಜಿಲ್ಲೆ ಕೂರಲಾಗದು.

ಐದಕ್ಕೆ ನಾಲ್ಕು ಕೊಡುತ್ತೇನೆ, ಕನ್ನಡದಲ್ಲಿ ಬರೆದುಕೊಟ್ಟ ದಿನ ಐದು. ಹೋಗುವವರು ಮಹಜರು, ಮಾದರಿ ತೆಗೆದ ದಾಖಲೆ, ಠಾಣೆಯ ಮುದ್ದೆಮಾಲು ರಿಜಿಸ್ಟರಿನ ನಕಲು, ಪ್ರಯೋಗಾಲಯಕ್ಕೆ ಬರೆದ ಪತ್ರ, ವರದಿ ಇವುಗಳ ದೃಢೀಕೃತ ಪ್ರತಿಗಳನ್ನು ಒಯ್ಯಿರಿ. ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ಅವರು ನೋಡುವುದಿಲ್ಲ, ಮೊಹರಿನ ಅಚ್ಚು ಅದರಲ್ಲಿ ಕಾಣುವುದಿಲ್ಲ ಎನ್ನುತ್ತಾರೆ. ಬೆಳಿಗ್ಗೆ ಹನ್ನೊಂದರ ಮೇಲೆ ಸಿಗುತ್ತಾರೆ. ಕಕ್ಷಿದಾರರ ಮನೆಯವರನ್ನು ಕರೆದುಕೊಂಡು ಹೋಗುವುದಾದರೆ, ಅವರು ಕೇಳಲು ಬಯಸದ ಉತ್ತರವೂ ಬರಬಹುದು ಎಂದು ಮೊದಲೇ ತಿಳಿಸಿ ಕರೆದೊಯ್ಯಿರಿ.